ಬಿಸಿಲಿನ ದಿನ ಮಾತ್ರ ತೋರಿಸುವ ಮನೆ

ತಲೆಯ ಮೇಲೆ ಬಾಗಿಲು ಮುಚ್ಚಿತು.

ಆಮೇಲೆ ಚಿಲಕ. ಅದೂ ಹೊರಗಿನಿಂದ.

“ಹುಡಾಕ್, ಬಾಗಿಲು ತೆಗಿ,” ಅಂದೆ.

“ಐದು ಗಂಟೆವರೆಗೆ ಅಷ್ಟೇ ಕಣಯ್ಯಾ ಲೆನ್. ಐದು ಹೊಡೆದ ಮೇಲೆ ನಾನೇ ಬಂದು ತೆಗೀತೀನಿ. ಕೆಳಗೆ ಹಾಸಿಗೆ ಹಾಕ್ಸಿದೀನಲ್ಲ, ಆರಾಮಾಗಿ ಮಲಕ್ಕೋ.”

ಅವನ ಬೂಟಿನ ಸದ್ದು ಅಡುಗೆಮನೆ ದಾಟಿತು. ಮುಂಬಾಗಿಲು ದಡ್ಡೆಂದಿತು. ಹೊರಗೆ ಅವನ ಗಾಡಿ ಸ್ಟಾರ್ಟ್ ಆಯಿತು.

ಗಡಿಯಾರ ನೋಡಿದೆ. ಎರಡು ಗಂಟೆ ಹತ್ತು ನಿಮಿಷ.

ಫೋನನ್ನು ಟ್ರಕ್ಕಿನಲ್ಲಿ ಚಾರ್ಜಿಗೆ ಹಾಕಿ ಬಂದಿದ್ದೆ. ಸುತ್ತಿಗೆಯೂ ಅಲ್ಲೇ ಇತ್ತು. ಬುದ್ಧಿಯನ್ನೂ ಅಲ್ಲೇ ಬಿಟ್ಟು ಬಂದಿರಬೇಕು.

ಸೊಂಟಕ್ಕೆ ಸಿಕ್ಕಿಸಿದ್ದ ಮೀಟರ್ ಕೀ ಕೀ ಅನ್ನತೊಡಗಿತು. ಒಳ್ಳೆಯ ಗಾಳಿಯಲ್ಲಿ ಆಕ್ಸಿಜನ್ ನೂರಕ್ಕೆ ಇಪ್ಪತ್ತೊಂದರ ಹತ್ತಿರ ಇರುತ್ತದೆ. ಮೀಟರ್ ಹದಿನೆಂಟು ತೋರಿಸುತ್ತಿತ್ತು. ಮಂಡಿಯ ಹತ್ತಿರ ಹಿಡಿದೆ... ಹದಿನಾರು. ಬೆಂಕಿ ಹಿಡಿಯುವ ಅನಿಲ ಮಾತ್ರ ಸೊನ್ನೆ. ಹಾಗಾಗಿ ಜೇಬಿನಿಂದ ಮೋಂಬತ್ತಿ ತೆಗೆದು ಹಚ್ಚಿದೆ. ಎದೆಯ ಮಟ್ಟದಲ್ಲಿ ಉರಿಯಿತು. ನಿಧಾನವಾಗಿ ಕೆಳಗಿಳಿಸಿದೆ. ಮಂಡಿಯ ಹತ್ತಿರ ಆರಿತು.

ಗಾಳಿ ಬೀಸಿರಲಿಲ್ಲ. ಯಾರೂ ಊದಿರಲಿಲ್ಲ.

ಸರಿಯಾಗಿ ಅದೇ ಎತ್ತರದಲ್ಲಿ, ನನ್ನ ಪಕ್ಕದಲ್ಲಿ, ಎರಡು ಪುಟ್ಟ ಮಂಚ. ಗುಲಾಬಿ ಬಣ್ಣದ ಹೊದಿಕೆ. ಒಂದೊಂದು ದಿಂಬಿನ ಮೇಲೆ ಒಂದೊಂದು ಬಟ್ಟೆಯ ಮೊಲ.

ಸಿಟ್ಟಿಗೆ ಮೈಯೆಲ್ಲ ಉರಿದುಹೋಯಿತು. ಹೆದರಿಕೆ ಆಮೇಲೆ ಬಂತು.

ಇಲ್ಲಿಗೆ ಹೇಗೆ ಬಂದು ಸಿಕ್ಕಿಕೊಂಡೆ ಅಂತೀರಾ? ಸೋಮವಾರದಿಂದ ಹೇಳಬೇಕು.

ನಾನು ಹೋಮ್ ಇನ್‌ಸ್ಪೆಕ್ಟರ್. ನೀವು ಮನೆ ಕೊಳ್ಳುವ ಮುಂಚೆ ನನ್ನನ್ನು ಕರೆಯುತ್ತೀರಿ, ನಾನು ಬಂದು ಅದರ ಹುಳುಕು ಹುಡುಕುತ್ತೇನೆ. ಪೆನ್ಸಿಲ್ವೇನಿಯಾದ ಈ ಕಲ್ಲಿದ್ದಲ ಕಣಿವೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಹೊಸ ಪೇಂಟ್ ಕಂಡರೆ ಅದರ ಹಿಂದಿನ ಕಲೆ ಹುಡುಕುತ್ತೇನೆ. ಮನೆಯಲ್ಲಿ ಬಿಸಿ ಬಿಸ್ಕತ್ತಿನ ವಾಸನೆ ಬಂದರೆ ಚರಂಡಿ ಎಲ್ಲಿ ಅಂತ ಕೇಳುತ್ತೇನೆ. ನನ್ನ ಸ್ವಂತ ತಂಗಿ ಕ್ರಿಸ್‌ಮಸ್‌ಗೆ ಕರೆಯುವುದನ್ನು ಬಿಟ್ಟಿದ್ದಾಳೆ, ಅವಳ ಸಿಂಕಿನ ಕೆಳಗೆ ಟಾರ್ಚ್ ಹಾಕಿ ನೋಡಿದೆ ಅಂತ. ಅಲ್ಲಿ ಸೋರುತ್ತಿತ್ತು, ಅದು ಬೇರೆ ಮಾತು.

ಸೋಮವಾರ ಬೆಳಗ್ಗೆ ಫೋನ್ ಬಂತು. ಹೆಂಗಸಿನ ದನಿ.

“ಬೇಡ ಅನ್ನೋ ಮನುಷ್ಯ ನೀವೇನಾ?”

“ಯಾರು ಹೇಳಿದ್ದು ಹಾಗಂತ?”

“ಬ್ರೋಕರ್ ಕೊಲೀನ್. ಯಾರನ್ನ ಬೇಕಾದ್ರೂ ಕರಿ, ಆ ಲೆನ್ ಗವೇನಾಸ್‌ನ ಮಾತ್ರ ಕರೀಬೇಡ, ಎಲ್ಲಾದಕ್ಕೂ ಬೇಡ ಅಂತಾನೆ ಅಂದ್ರು. ಅದಕ್ಕೇ ನಿಮ್ಮ ನಂಬರ್ ಹುಡುಕಿದೆ.”

ಆಕೆ ನನಗೆ ಅಲ್ಲೇ ಹಿಡಿಸಿಬಿಟ್ಟಳು.

ಹೆಸರು ಯೆಸೇನಿಯಾ ಆಲ್ಮೊಂಟೆ. ಶಾಲೆಯ ಬಸ್ಸು ಓಡಿಸುತ್ತಾಳೆ. ಡೊಮಿನಿಕನ್ ಜನ, ಬಂದು ಹತ್ತು ವರ್ಷ. ಇಬ್ಬರು ಹೆಣ್ಣುಮಕ್ಕಳು, ಗಂಡ ಇಲ್ಲ. ಕ್ಷೌರದಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಮೂವರೂ ಮಲಗುತ್ತಾರೆ.

“ಇದು ನಾನು ಕೇಳ್ತಿರೋ ಮೂರನೇ ಮನೆ ಸರ್. ಮುಂಚಿನ ಎರಡೂ, ಇನ್‌ಸ್ಪೆಕ್ಷನ್ನೇ ಬೇಡ ಹಾಗೇ ತಗೋತೀವಿ ಅಂದೋರ ಪಾಲಾಯ್ತು. ಇವರು ಮಾತ್ರ, ಪರವಾಗಿಲ್ಲ ಮಾಡಿಸ್ಕೊಳಮ್ಮ, ಹತ್ತು ಸಲ ಮಾಡಿಸ್ಕೋ ಅಂದ್ರು.”

“ಮಾರೋರು ಯಾರು?”

“ಡೇಲ್ ಹುಡಾಕ್.”

ಹುಡಾಕ್ ನನಗೆ ಗೊತ್ತು. ಹಳೆಯ ಗಣಿಕಾರ್ಮಿಕರ ಮನೆಗಳನ್ನು ಅಗ್ಗಕ್ಕೆ ಹಿಡಿದು, ಮೂರು ತಿಂಗಳಲ್ಲಿ ಥಳಥಳ ಮಾಡಿ ಮಾರುತ್ತಾನೆ. ಇನ್‌ಸ್ಪೆಕ್ಟರ್ ಅಂದರೆ ಮೈಮೇಲೆ ಹಲ್ಲಿ ಬಿದ್ದವನ ಹಾಗೆ ಆಡುವ ಆಸಾಮಿ. ಅವನು ಹತ್ತು ಸಲ ಮಾಡಿಸ್ಕೋ ಅಂದನೇ?

ನನ್ನ ಕಿವಿ ನೆಟ್ಟಗಾಯಿತು.

ನಮ್ಮಲ್ಲಿ ಕರಾರು ಆದ ಮೇಲೆ ಕೊಳ್ಳುವವರಿಗೆ ಕೆಲವು ದಿನ ಗಡುವು ಇರುತ್ತದೆ. ಅಷ್ಟರೊಳಗೆ ಮನೆ ಪರೀಕ್ಷೆ ಮಾಡಿಸಿ, ಬೇಡ ಅನ್ನಿಸಿದರೆ ಸಹಿ ಹಾಕಿ ಹೊರಗೆ ಬರಬಹುದು. ಗಡುವು ದಾಟಿತೋ, ಮನೆ ನಿಮ್ಮ ಕುತ್ತಿಗೆಗೆ. ಯೆಸೇನಿಯಾಳ ಗಡುವು ಶುಕ್ರವಾರ ಸಂಜೆ ಐದು ಗಂಟೆ.

ಮಂಗಳವಾರ ಹತ್ತಕ್ಕೆ ಬರುತ್ತೇನೆ ಅಂದೆ. ಬೆಳಗ್ಗೆ ಎಂಟಕ್ಕೆ ಹುಡಾಕ್ ಫೋನ್ ಮಾಡಿದ. ಪೇಂಟ್ ಒಣಗಿಲ್ಲ, ನಾಳೆ ಬಾ. ಬುಧವಾರ ಬೀಗದಕೈ ಸಿಗುತ್ತಿಲ್ಲವಂತೆ. ಗುರುವಾರ ಏಳೂವರೆಗೇ ಅವನ ಫೋನ್. “ಎಲ್ಲಿದೀಯಾ ಲೆನ್? ಈಗ್ಲೇ ಬಾರಯ್ಯಾ.”

ಹೋದೆ. ಮಾರ್ಚ್ ತಿಂಗಳಲ್ಲಿ ಅಪರೂಪಕ್ಕೆ ಬಿದ್ದ ಬಿಸಿಲು. ಮನೆ ಮದುವಣಗಿತ್ತಿಯ ಹಾಗೆ ನಿಂತಿತ್ತು. ಹೊಸ ಛಾವಣಿ, ಹೊಸ ವೈರಿಂಗ್, ಹೊಸ ಬಾಯ್ಲರ್. ನೆಲಮಾಳಿಗೆಯಲ್ಲಿ ಗುಲಾಬಿ ಬಣ್ಣದ ಮಲಗುವ ಕೋಣೆ, ಕಾರ್ಪೆಟ್ಟು, ಮೊಲಗಳು. ಮೀಟರ್ ಹಿಡಿದು ಮೂಲೆ ಮೂಲೆಯ ಗಾಳಿ ನೋಡಿದೆ. ಎಲ್ಲ ಕಡೆ ಇಪ್ಪತ್ತೊಂದು.

ಆದರೂ ನೆಲಮಾಳಿಗೆಯ ಬಾಗಿಲು ಕಣ್ಣಿಗೆ ಚುಚ್ಚಿತು. ಅದರ ಸುತ್ತ ಫ್ರಿಜ್ಜಿನ ಬಾಗಿಲಿಗೆ ಇರುವಂಥ ದಪ್ಪ ರಬ್ಬರ್.

“ಇದ್ಯಾಕೆ?” ಅಂದೆ.

“ಸದ್ದು ಮೇಲೆ ಬರಬಾರ್ದು ಅಂತ. ಹುಡುಗೀರು ಟೀವಿ ಜೋರಾಗಿ ಹಾಕ್ತಾರಲ್ಲ.” ಹುಡಾಕ್ ಹಲ್ಲುಕಡ್ಡಿಯನ್ನು ಬಾಯಿಯ ಈ ಕಡೆಯಿಂದ ಆ ಕಡೆಗೆ ತಳ್ಳಿದ.

“ಚಿಲಕ ಹೊರಗ್ಯಾಕೆ?”

“ಅದು ಹಳೇದು.”

ಚಿಲಕದ ಸ್ಕ್ರೂಗಳು ಹೊಚ್ಚ ಹೊಸವು.

“ಹೊರಗಿಂದ ಎಣಿಸಿದ್ರೆ ಈ ಗೋಡೆಗೆ ಮೂರು ಕಿಟಕಿ. ಒಳಗೆ ಎರಡೇ ಇದಾವೆ.”

“ಚಳಿ ಹೊಡೀತಿತ್ತು. ಒಂದರ ಮೇಲೆ ಬೋರ್ಡ್ ಹೊಡೆಸ್ದೆ. ಬರ್ಕೋ ಹೋಗು, ಇನ್ನೇನು ಮಾಡ್ತೀಯ.”

ಬರೆದುಕೊಂಡೆ. ಮೂಲೆಯಿಂದ ಹನ್ನೊಂದು ಅಡಿ ಅಂತ ಅಳತೆಯನ್ನೂ ಹಾಕಿದೆ. ಗಾಳಿಯ ಎದುರಿಗೆ ‘ಉತ್ತಮ’ ಅಂತ ಗುರುತು ಮಾಡಿ ಹೊರಗೆ ಬಂದೆ.

ಪಕ್ಕದ ಮನೆಯ ಜಗುಲಿಯಲ್ಲಿ ಒಬ್ಬ ಮುದುಕಿ ಪೊರಕೆ ಹಿಡಿದು ನಿಂತಿದ್ದಳು. ಸ್ಟೆಲ್ಲಾ ಯುರ್ಕಾನಿನ್, ಗಣಿಯಲ್ಲಿ ದುಡಿದು ಸತ್ತವನ ಹೆಂಡತಿ.

“ನೀನು ಯೂಝಸ್ ಗವೇನಾಸ್‌ನ ಮೊಮ್ಮಗ ಅಲ್ವೇನೋ?”

“ಹೌದಜ್ಜಿ.”

“ಮತ್ತೆ ನೀನೂ ಬಿಸಿಲಲ್ಲಿ ಬಂದಿದೀಯಲ್ಲೋ. ಈ ಮನೆ ನೋಡೋಕೆ ಬರೋರೆಲ್ಲ ಬಿಸಿಲಲ್ಲೇ ಬರ್ತಾರೆ. ಮೋಡ ಕವೀತು ಅಂದ್ರೆ ಆ ಹುಡಾಕ್ ಒಬ್ಬರನ್ನೂ ಒಳಗೆ ಬಿಡಲ್ಲ.”

ನನ್ನ ಕಾಲು ಅಲ್ಲೇ ನಿಂತಿತು.

“ಮುಂಚೆ ಇದ್ದೋರ ನಾಯಿ, ಮಳೆ ಬರೋ ಮುಂಚೆ ಮೆಟ್ಟಿಲ ಹತ್ರಾನೂ ಸುಳೀತಿರಲಿಲ್ಲ. ಒಂದಿನ ಚೆಂಡಿನ ಹಿಂದೆ ಕೆಳಗೆ ಓಡ್ತು. ಮೇಲೆ ಬರಲಿಲ್ಲ. ನಿಮ್ಮಜ್ಜ ಇದ್ದಿದ್ರೆ ನಿನ್ನ ಕಪಾಳಕ್ಕೆ ಕೊಡ್ತಿದ್ದ.”

ಕೊಡಬೇಕಾದ್ದೇ. ನಮ್ಮ ಕಣಿವೆಯ ಕೆಳಗೆಲ್ಲ ಹಳೆಯ ಗಣಿಗಳ ಪೊಳ್ಳು. ಬಿಸಿಲಿನ ದಿನ ಮೇಲಿನ ಗಾಳಿಯ ಒತ್ತಡ ಹೆಚ್ಚು, ಗಣಿ ಉಸಿರು ಒಳಗೆಳೆದುಕೊಳ್ಳುತ್ತದೆ. ಬಿರುಗಾಳಿ ಬರುವ ಮುಂಚೆ ಒತ್ತಡ ಇಳಿಯುತ್ತದೆ. ಆಗ ಗಣಿ ಉಸಿರು ಬಿಡುತ್ತದೆ. ಬಿರುಕುಗಳಿಂದ ಸತ್ತ ಗಾಳಿ ಮೇಲೆದ್ದು ನೆಲಮಾಳಿಗೆಗಳ ತಳದಲ್ಲಿ ತುಂಬಿಕೊಳ್ಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಹಳಬರು ಅದನ್ನು ಕರಿಗಾಳಿ ಅನ್ನುತ್ತಿದ್ದರು. ಮಳೆ ಬರುವ ಮುಂಚೆ ಮೋಂಬತ್ತಿಯನ್ನು ಮುಂದೆ ಹಿಡಿದೇ ನೆಲಮಾಳಿಗೆಗೆ ಇಳಿಯುತ್ತಿದ್ದರು.

ಇದು ನನಗೆ ಆರು ವರ್ಷದವನಿದ್ದಾಗಿನಿಂದ ಗೊತ್ತು, ಗಣಿಯಲ್ಲಿ ದುಡಿದ ಅಜ್ಜ ಹೇಳಿಕೊಟ್ಟದ್ದು. ಗೊತ್ತಿದ್ದೂ ದುಬಾರಿ ಮೀಟರ್ ಹಿಡಿದು, ಬಿಸಿಲಿನ ದಿನ ನೋಡಿ, ಉತ್ತಮ ಅಂತ ಬರೆದಿದ್ದೆ. ನಾಚಿಕೆ ಆಯಿತು. ಈಗಲೂ ಆಗುತ್ತದೆ.

ಶುಕ್ರವಾರ ಬೆಳಗ್ಗೆ ರೇಡಿಯೋ ಹೇಳಿತು, ಮಧ್ಯಾಹ್ನ ಬಿರುಗಾಳಿ, ಮಳೆ. ಹುಡಾಕ್‌ಗೆ ಫೋನ್ ಮಾಡಿದೆ.

“ಇನ್ನೊಂದು ಸಲ ನೋಡ್ಬೇಕು. ಇವತ್ತೇ.”

“ಸೋಮವಾರ ಬಾ.”

“ಗಡುವು ಇವತ್ತು.”

“ಅದಕ್ಕೇ ಸೋಮವಾರ ಬಾ ಅಂದೆ.” ಇಟ್ಟುಬಿಟ್ಟ.

ಎರಡು ನಿಮಿಷಕ್ಕೆ ಕೊಲೀನ್ ಬ್ರೋಗನ್ ಫೋನ್. ಈ ಕಣಿವೆಯಲ್ಲಿ ಅರ್ಧ ಮನೆಗಳು ಅವಳ ಕೈಯಿಂದಲೇ ಕೈ ಬದಲಾಯಿಸುವುದು.

“ಲೆನ್, ನಿನ್ನ ತಲೆ ಕೆಟ್ಟಿದೆಯಾ? ಮನೆ ಚೆನ್ನಾಗಿದೆ ಅಂತ ನೀನೇ ಬರ್ದಿದೀಯ.”

“ನೀನು ಆ ನೆಲಮಾಳಿಗೆಗೆ ಮಳೆ ದಿನ ಇಳಿದಿದೀಯಾ ಕೊಲೀನ್?”

“ಮಳೆಗೂ ಇದಕ್ಕೂ ಏನು ಸಂಬಂಧ? ಕೇಳು, ಆ ಹುಡುಗಿ ಎರಡು ಮನೆ ಕಳ್ಕೊಂಡು ಅತ್ತಿದ್ದನ್ನ ನಾನು ನೋಡಿದೀನಿ. ಇದನ್ನೂ ನೀನು ಕೆಡಿಸಿದ್ರೆ, ಮುಂದಿನ ಬೇಸಿಗೇಲಿ ನಿನ್ನ ಫೋನ್ ರಿಂಗ್ ಆಗಲ್ಲ ನೋಡ್ತಿರು.”

ಇವಳಿಗೂ ಗೊತ್ತಿದೆಯೋ, ಇಲ್ಲವೋ? ಆಗ ಹೇಳಲಾಗಲಿಲ್ಲ. ನಾನು ಇಬ್ಬರನ್ನೂ ನಂಬಲಿಲ್ಲ.

ಯೆಸೇನಿಯಾಗೆ ಫೋನ್ ಮಾಡಿದೆ. ಬಸ್ಸಿನ ಗದ್ದಲದ ನಡುವೆ ಕೂಗಿ ಮಾತಾಡಿದಳು.

“ನಾವು ಮೂರು ಗಂಟೆಗೆ ಅಲ್ಲಿಗೇ ಹೋಗ್ತಿದೀವಿ ಸರ್. ಪರದೆಗೆ ಅಳತೆ ತಗೊಳ್ಳೋಕೆ. ಬಾಗಿಲ ಮೇಲೆ ಬೀಗದಕೈ ಇಟ್ಟಿರೋ ಪೆಟ್ಟಿಗೆಯ ನಂಬರು ಕೊಲೀನ್ ಕೊಟ್ಟಿದಾರೆ. ಇವತ್ತು ಶಾಲೆ ಅರ್ಧ ದಿನ, ಮಕ್ಕಳೂ ಬರ್ತಾರೆ. ಚಿಕ್ಕೋಳು ನಾಯೆಲಿ ತನ್ನ ಮಂಚದ ಮೇಲೆ ಮಲಗಿ ನೋಡ್ಬೇಕಂತೆ.”

ನಾಯೆಲಿಗೆ ಏಳು ವರ್ಷ.

“ನಾನು ಹೇಳೋವರೆಗೆ ಮಕ್ಕಳನ್ನ ಕೆಳಗೆ ಇಳಿಸ್ಬೇಡಿ. ಕೇಳಿಸ್ತಾ?”

“ಏನು ಸರ್? ಬಸ್ಸು ಸರ್, ಏನೂ ಕೇಳಿಸ್ತಿಲ್ಲ. ನಂಬರು ಮೆಸೇಜ್ ಮಾಡ್ತೀನಿ.” ಫೋನ್ ಕಟ್ಟಾಯಿತು. ಆಮೇಲೆ ಎತ್ತಲಿಲ್ಲ.

ನಾಲ್ಕು ಅಂಕಿಯ ನಂಬರ್ ಬಂತು. ಟ್ರಕ್ ಹತ್ತಿದೆ.

ಸೇತುವೆಯ ಹತ್ತಿರ ಕನ್ನಡಿಯಲ್ಲಿ ಅವನು ಕಂಡ. ಕರಿ ಪಿಕಪ್, ಸ್ಟಿಯರಿಂಗ್ ಹಿಂದೆ ಹುಡಾಕ್. ನಾನು ವೇಗ ಹೆಚ್ಚಿಸಿದೆ. ಅವನೂ ಹೆಚ್ಚಿಸಿದ. ಸೇತುವೆಯ ನಡುವೆ ಹಿಂದಿನಿಂದ ಒಂದು ಗುದ್ದು... ಟ್ರಕ್ಕಿನ ಬಾಲ ಕಂಬಿಯ ಕಡೆ ಹೊರಳಿತು. ಕೆಳಗೆ ಗಣಿಯ ನೀರು ಸೇರಿ ಕೆಂಪಾದ ನದಿ. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಎಳೆದೆ. ಬಲಕ್ಕೆ ತಿರುಗಿ ಗುಡ್ಡ ಹತ್ತಿದೆ. ಅವನು ಬಿಡಲಿಲ್ಲ.

ಗುಡ್ಡದ ಮೇಲೆ ಚರ್ಚು. ಈಸ್ಟರ್ ಮುಂಚಿನ ಉಪವಾಸದ ಶುಕ್ರವಾರ. ಅಂದರೆ ಏನು? ಪಿರೋಗಿ. ಮಾಂಸ ತಿನ್ನದ ಇಡೀ ಊರು ಆಲೂಗಡ್ಡೆ ತುಂಬಿದ ಕಡುಬಿಗಾಗಿ ಚರ್ಚಿನ ಅಂಗಳದಲ್ಲಿ ಕಾರು ನಿಲ್ಲಿಸಿಕೊಂಡು ಸಾಲುಗಟ್ಟಿತ್ತು. ನಾನು ಸೀದಾ ಆ ಸಾಲಿನೊಳಗೆ ಟ್ರಕ್ಕಿನ ಮೂಗು ತೂರಿಸಿದೆ. ಕಿತ್ತಳೆ ಬಣ್ಣದ ಜಾಕೆಟ್ ಹಾಕಿದ್ದ ಅಜ್ಜನೊಬ್ಬ ಬಂದು ಗಾಜು ತಟ್ಟಿದ.

“ಎಷ್ಟು ಡಜನ್?”

“ಡಜನ್ ಬೇಡ ತಾತಾ, ಹಿಂದಿನ ಗೇಟಿಂದ ಬಿಡಿ. ಹಿಂದೆ ಕರಿ ಗಾಡಿಯವನು ಸಾಲು ಮುರಿದು ನುಗ್ಗೋಕೆ ನೋಡ್ತಿದಾನೆ.”

ಕೊಲೆಗಾರನನ್ನು ಬೇಕಾದರೆ ಬಿಟ್ಟಾರು. ಪಿರೋಗಿ ಸಾಲು ಮುರಿದವನನ್ನು ನಮ್ಮೂರಿನವರು ಬಿಡುವುದಿಲ್ಲ. ನಾನು ಹಿಂದಿನ ಗೇಟು ದಾಟುವಾಗ ನಾಲ್ಕು ಮುದುಕಿಯರು ಹುಡಾಕ್‌ನ ಬಾನೆಟ್ ಬಡಿಯುತ್ತಾ ಬೈಯುತ್ತಿದ್ದರು.

ಗೆದ್ದೆ ಅಂದುಕೊಂಡೆ. ಮನೆಗೆ ಹೋದೆ, ಪೆಟ್ಟಿಗೆ ತೆರೆದು ಬೀಗದಕೈ ತೆಗೆದೆ, ಅವಸರದಲ್ಲಿ ಮೀಟರ್ ಸಿಕ್ಕಿಸಿಕೊಂಡು, ಮೋಂಬತ್ತಿ ಜೇಬಿಗೆ ಹಾಕಿಕೊಂಡು ಕೆಳಗಿಳಿದೆ. ನಾನು ಎಲ್ಲಿಗೆ ಹೋಗುತ್ತೇನೆ ಅಂತ ಅವನಿಗೆ ಗೊತ್ತಿದ್ದೇ ಇತ್ತು. ಅದು ನನಗೆ ಹೊಳೆಯಲಿಲ್ಲ.

ಅಲ್ಲಿಗೆ ಬಂದೆವು. ಚಿಲಕ ಬಿದ್ದಿದೆ. ಎರಡು ಹತ್ತು.

ಓಡದೆಯೇ ಏದುಸಿರು ಬರುತ್ತಿತ್ತು. ತಲೆಯ ಎರಡೂ ಪಕ್ಕ ಬಿಗಿಯಾಗಿ ಹಗ್ಗ ಕಟ್ಟಿದ ಹಾಗೆ. ಮಂಚದ ಮೇಲೆ ಹತ್ತಿ ನಿಂತೆ. ಮೇಲೆ ಹತ್ತೊಂಬತ್ತು. ಬದುಕಬಹುದು... ಸ್ವಲ್ಪ ಹೊತ್ತು. ಕಾಣುವ ಎರಡೂ ಕಿಟಕಿಗೆ ಗಾಜಿನ ಇಟ್ಟಿಗೆ ಕಟ್ಟಿಸಿದ್ದ. ಒದ್ದರೆ ನನ್ನ ಕಾಲೇ ಮುರಿಯುತ್ತಿತ್ತು. ಬಾಗಿಲಿಗೆ ಭುಜ ಕೊಟ್ಟು ನೋಡಿದೆ. ಅಲುಗಲಿಲ್ಲ.

ಮೂರು ಗಂಟೆಗೆ ಮಕ್ಕಳು ಬರುತ್ತಾರೆ. ಕೂಗಿದರೆ ಏನಾಗುತ್ತದೆ? ಚಿಲಕ ತೆಗೆದು ಕೆಳಗೆ ಓಡಿ ಬರುತ್ತಾರೆ. ಅವರ ಮೂಗು ಇರುವುದು ನನ್ನ ಸೊಂಟದ ಎತ್ತರದಲ್ಲಿ. ಕೂಗದೆ ಬಿದ್ದಿದ್ದರೂ ನಾಯೆಲಿ ತನ್ನ ಮಂಚ ಹುಡುಕಿಕೊಂಡು ಬಂದೇ ಬರುತ್ತಾಳೆ.

ಮೂರನೇ ಕಿಟಕಿ.

ಮೂಲೆಯಿಂದ ಹನ್ನೊಂದು ಅಡಿ. ಗೋಡೆಗೆ ಬೆನ್ನು ಹಚ್ಚಿ ಹೆಜ್ಜೆ ಅಳೆದೆ. ಸರಿಯಾಗಿ ಎರಡನೇ ಮಂಚದ ತಲೆಯ ಹಿಂದೆ. ಜೇಬಿನಲ್ಲಿ ಸ್ಕ್ರೂಡ್ರೈವರ್ ಇತ್ತು. ಗುಲಾಬಿ ಬೋರ್ಡಿಗೆ ಚುಚ್ಚಿದೆ, ಎಳೆದೆ, ಮತ್ತೆ ಚುಚ್ಚಿದೆ. ಸುಣ್ಣದ ಪುಡಿ ಕಣ್ಣಿಗೆ ಬಿತ್ತು. ಕೈ ತೂರುವಷ್ಟು ಆದ ಮೇಲೆ ಎರಡೂ ಕೈ ಹಾಕಿ ಕಿತ್ತೆ. ಒಮ್ಮೆ ಕುಸಿದುಬಿದ್ದೆ. ಕೆಳಗೆ ಹೋದೊಡನೆ ಕಣ್ಣಿಗೆ ಕತ್ತಲೆ... ಮೊಲದ ಕಿವಿ ಹಿಡಿದುಕೊಂಡು ಎದ್ದೆ. ನಗಬೇಡಿ. ಕೈಗೆ ಸಿಕ್ಕಿದ್ದು ಅದೇ.

ಬೋರ್ಡಿನ ಹಿಂದೆ ಮೇಲುಗಡೆ ಹಳೆಯ ಗಾಜಿನ ಕಿಟಕಿ, ಅದರ ಕೆಳಗೆ ಕಲ್ಲಿನ ಗೋಡೆಯಲ್ಲಿ ಬೆರಳು ಹೋಗುವಷ್ಟು ಬಿರುಕು. ಬಿರುಕಿನ ಪಕ್ಕದಲ್ಲಿ ಗೋಡೆಗೆ ಬಡಿದಿದ್ದ ಒಂದು ಲೋಹದ ಪೆಟ್ಟಿಗೆ. ಗಣಿ ಅನಿಲದ ಅಲಾರಂ. ಹಿಂದೆ ಇದ್ದವರು ಹಾಕಿಸಿದ್ದು. ಅದರ ವೈರು ಎರಡನ್ನೂ ಕತ್ತರಿಸಿ, ತುದಿಗೆ ನೀಟಾಗಿ ಟೇಪು ಸುತ್ತಿದ್ದರು. ಟೇಪು ಹೊಸದು.

ಹುಡಾಕ್‌ಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಅದರ ಮುಂದೆ ಎರಡು ಮಂಚ ಹಾಕಿಸಿದ್ದ.

ಪೆಟ್ಟಿಗೆಯನ್ನು ಗೋಡೆಯಿಂದ ಕಿತ್ತು, ಅದರಿಂದಲೇ ಕಿಟಕಿಯ ಗಾಜು ಒಡೆದೆ. ಮಳೆಯ ತಣ್ಣನೆ ಗಾಳಿ ಮುಖಕ್ಕೆ ಹೊಡೆಯಿತು. ಬಾಯಿ ಬಿಟ್ಟು ಕುಡಿದೆ. ಆಮೇಲೆ ಅಂಗಿ ಹರಿದುಕೊಂಡು, ಹೊಟ್ಟೆ ತರಚಿಕೊಂಡು, ಕೆಸರಿಗೆ ತೆವಳಿದೆ.

ತಲೆ ಎತ್ತಿದರೆ ಎದುರಿಗೆ ಯುರ್ಕಾನಿನ್ ಅಜ್ಜಿ, ಕೊಡೆ ಹಿಡಿದು.

“ಈಗ ಬಂದೆ ನೋಡು ಸರಿಯಾದ ದಿನ,” ಅಂದಳು.

ಬೀದಿಯಲ್ಲಿ ಕಾರಿನ ಬಾಗಿಲು ತೆರೆಯಿತು. ಪುಟ್ಟ ಹುಡುಗಿಯೊಂದು ಮಳೆಯಲ್ಲೇ ಮುಂಬಾಗಿಲ ಕಡೆ ಓಡಿತು. ಹಿಂದೆ ಅಕ್ಕ. ಕೂಗಲು ಹೋದೆ, ಬರೀ ಕೆಮ್ಮು ಬಂತು. ಅಜ್ಜಿಯ ಕೋಟು ಹಿಡಿದು ಎಳೆದು ಬಾಗಿಲ ಕಡೆ ತೋರಿಸಿದೆ.

ಎಂಬತ್ತೊಂದು ವರ್ಷದ ಹೆಂಗಸು ಹಾಗೆ ಓಡಿದ್ದನ್ನು ನಾನು ಇನ್ನೊಮ್ಮೆ ನೋಡಿಲ್ಲ. ಮೆಟ್ಟಿಲಿಗೆ ಅಡ್ಡ ನಿಂತು ಕೊಡೆ ಚಾಚಿದಳು. “ಒಳಗೆ ಕಾಲಿಟ್ರೆ ಕಾಲು ಮುರೀತೀನಿ. ನಡೀರಿ ನಮ್ಮನೆಗೆ, ಸೂಪ್ ಇದೆ.”

ನಾಲ್ಕು ಗಂಟೆಗೆ ಅದೇ ಜಗುಲಿಯಲ್ಲಿ ಎಲ್ಲರೂ ಸೇರಿದ್ದೆವು. ಯೆಸೇನಿಯಾ ಕರೆದಿದ್ದಕ್ಕೆ ಕೊಲೀನ್ ಬಂದಿದ್ದಳು. ಕೊಲೀನ್ ಕರೆದಿದ್ದಕ್ಕೆ ಹುಡಾಕ್ ಬಂದಿದ್ದ, ಹಲ್ಲುಕಡ್ಡಿ ಸಮೇತ.

“ಬಾಗಿಲಾ? ಗಾಳಿಗೆ ಹಾಕ್ಕೊಂಡಿರುತ್ತೆ,” ಅಂದ.

“ಚಿಲಕಾನೂ ಗಾಳಿಗೇ ಬಿತ್ತಾ?”

“ನೋಡಮ್ಮಾ ಯೆಸೇನಿಯಾ, ಇವನು ಕುಡಿದಿದಾನೆ. ನನ್ನ ಗೋಡೆ ಒಡೆದಿದಾನೆ. ಕೆಳಗಿನ ಗಾಳಿಗೆ ಏನೂ ಆಗಿಲ್ಲ. ನಿನ್ನೆ ಇವನೇ ಬರೆದುಕೊಟ್ಟಿದಾನೆ, ಉತ್ತಮ ಅಂತ.”

ಯೆಸೇನಿಯಾ ನನ್ನ ಮುಖ ನೋಡಿದಳು, ಅವನ ಮುಖ ನೋಡಿದಳು. ಆ ಮನೆ ಅವಳಿಗೆ ಎಷ್ಟು ಬೇಕಾಗಿತ್ತು ಅನ್ನುವುದು ಆ ಕಣ್ಣಲ್ಲೇ ಇತ್ತು. “ಸರಿ ಮಾಡಿಸೋಕೆ ಆಗಲ್ವಾ ಸರ್?” ಅಂದಳು, ಮೆಲ್ಲಗೆ.

ನಾನು ಹುಡಾಕ್ ಕಡೆ ತಿರುಗಿದೆ.

“ಒಂದು ಕೆಲಸ ಮಾಡು. ಕಿಟಕಿಗೆ ಹಲಗೆ ಮುಚ್ತೀನಿ. ಕೆಳಗೆ ಹೋಗಿ ಆ ಮಂಚದ ಮೇಲೆ ಮಲಕ್ಕೋ, ಐದು ಗಂಟೆವರೆಗೆ. ನಗ್ತಾ ಎದ್ದು ಬಂದ್ರೆ ನಾನು ಬರೆದ ಉತ್ತಮಾನೇ ಕೊನೆ. ಆಕೆ ಕೊಳ್ಳಲಿ.”

ಮಳೆ ಜೋರಾಯಿತು. ಹುಡಾಕ್ ಕದಲಲಿಲ್ಲ.

“ಹೋಗು ಡೇಲ್,” ಅಂದಳು ಕೊಲೀನ್. “ಐದು ನಿಮಿಷ ಮಲಗಿ ಬಾ ಸಾಕು.”

ಅವನು ತನ್ನ ಕಾಲು ನೋಡಿಕೊಂಡ. “ಬೂಟು ಒದ್ದೆಯಾಗಿದೆ. ಕಾರ್ಪೆಟ್ ಹಾಳಾಗುತ್ತೆ.”

ಕೊಲೀನ್ ಬಾಯಿಗೆ ಕೈ ಇಟ್ಟುಕೊಂಡಳು. ಅವಳಿಗೆ ಗೊತ್ತಿರಲಿಲ್ಲ ಅನ್ನುವುದು ನನಗೆ ಖಾತ್ರಿಯಾದದ್ದು ಆಗ. ಬ್ಯಾಗಿನಿಂದ ಕರಾರು ರದ್ದಿನ ಕಾಗದ ತೆಗೆದು ಅವಳೇ ಯೆಸೇನಿಯಾ ಮುಂದೆ ಇಟ್ಟಳು. ನಾಲ್ಕು ಮೂವತ್ತೈದಕ್ಕೆ ಸಹಿ ಬಿತ್ತು.

ಯೆಸೇನಿಯಾ ನನಗೆ ಥ್ಯಾಂಕ್ಸ್ ಹೇಳಲಿಲ್ಲ. ಮಕ್ಕಳಿಗೆ ಕಾಣದ ಹಾಗೆ ಕಾರಿನ ಹಿಂದೆ ನಿಂತು ಅತ್ತಳು. ಮೂರನೇ ಮನೆಯೂ ಹೋಯಿತು. ಆ ಅಳು ನೋಡಿಕೊಂಡು ನಿಲ್ಲುವುದು ಆ ನೆಲಮಾಳಿಗೆಗಿಂತ ಕಷ್ಟವಾಯಿತು.

ಪೊಲೀಸರಿಗೆ ದೂರು ಕೊಟ್ಟೆ. ಬಾಗಿಲು ಗಾಳಿಗೆ ಹಾಕಿಕೊಂಡಿತು ಅಂತ ಹುಡಾಕ್‌ನ ವಕೀಲನೂ ವಾದಿಸಿದ. ಕತ್ತರಿಸಿದ ವೈರಿಗೆ ಅವನ ಹತ್ತಿರ ವಾದವಿರಲಿಲ್ಲ. ದಂಡ ಬಿತ್ತು, ಆ ಮನೆಗೆ ಸರ್ಕಾರದ ಬೀಗ ಬಿತ್ತು. ಸೆಪ್ಟೆಂಬರ್‌ನಲ್ಲಿ ಯೆಸೇನಿಯಾಗೆ ಬೆಟ್ಟದ ಮೇಲೆ, ಕೆಳಗೆ ಗಣಿಯಿಲ್ಲದ ಕಡೆ, ಒಂದು ಹಳೇ ಮನೆ ಸಿಕ್ಕಿತು. ನಲವತ್ತೊಂದು ದೋಷ ಬರೆದುಕೊಟ್ಟೆ. ಎಲ್ಲ ಓದಿ, “ಇದರಲ್ಲಿ ಸಾಯಿಸೋದು ಯಾವುದು?” ಅಂದಳು. ಯಾವುದೂ ಇಲ್ಲ ಅಂದೆ. ಕೊಂಡಳು.

ಅಕ್ಟೋಬರ್‌ನಲ್ಲಿ ಇನ್ನೊಂದು ಫೋನ್ ಬಂತು. ಹುಡಾಕ್.

“ಮಗಳಿಗೆ ಮನೆ ನೋಡ್ತಿದೀನಿ ಲೆನ್. ಚೊಚ್ಚಲ ಬಸುರಿ ಅವಳು. ಬೇರೆ ಇನ್‌ಸ್ಪೆಕ್ಟರುಗಳ ಮೇಲೆ ನಂಗೆ ನಂಬಿಕೆ ಇಲ್ಲ.”

ಬೈಯಬೇಕು ಅನ್ನಿಸಿತು. ಬೈದೆ ಕೂಡ, ಚೆನ್ನಾಗಿಯೇ. ಆಮೇಲೆ ಒಪ್ಪಿಕೊಂಡೆ. ಕೊಳ್ಳುವವನು ಯಾರಾದರೇನು, ಅಲ್ಲಿ ಮಲಗುವವಳು ಆ ಹುಡುಗಿ ತಾನೇ.

ಮನೆಯನ್ನು ಮೂಲೆ ಮೂಲೆ ಬಿಡದೆ ನೋಡಿದೆ. ನೆಲಮಾಳಿಗೆಗೆ ಮಾತ್ರ ಮೊದಲು ಅವನನ್ನೇ ಇಳಿಸಿದೆ.